ನಾಗರಿಕ ವಿಜ್ಞಾನ ಸಮಾವೇಶಕ್ಕೆ ಗುಂಪು ಚರ್ಚೆಯ ಪ್ರಸ್ತಾವ: ಅರ್ಜಿ ವ್ಯವಸ್ಥೆಯ ವಿಮರ್ಶೆ

ನಮ್ಮ ದೇಶದಲ್ಲೇ ನಡೆದ ಒಂದು ನಾಗರಿಕ ವಿಜ್ಞಾನ (ಸಾಮಾನ್ಯ ಜನರೂ ನೋಡಿ, ದಾಖಲಿಸಿ ಪಾಲ್ಗೊಳ್ಳುವ ವಿಜ್ಞಾನ) ಸಮಾವೇಶಕ್ಕೆ ನಾನು ಮತ್ತು ತುಮಕೂರು ಜಿಲ್ಲೆಯ ಇಬ್ಬರು ಪ್ರೌಢಶಾಲಾ ಶಿಕ್ಷಕರು ಸೇರಿ ಗುಂಪು ಚರ್ಚೆಯ ಗೋಷ್ಠಿಯೊಂದನ್ನು ಪ್ರಸ್ತಾಪಿಸಿದ್ದೆವು. ಪ್ರಸ್ತಾವ ಒಪ್ಪಿತವಾಯಿತು, ಗೋಷ್ಠಿಯೂ ನಡೆಯಿತು. ಇಲ್ಲಿ ನಾನು ವಿಮರ್ಶಿಸುತ್ತಿರುವುದು ಇಡೀ ಸಮಾವೇಶವನ್ನಲ್ಲ. ಪ್ರಸ್ತಾವಗಳನ್ನು ಆಹ್ವಾನಿಸಿ, ಪರಿಶೀಲಿಸಿ, ತಿದ್ದಿಸಿ ವೇದಿಕೆಗೆ ತರುವ ಆ ವ್ಯವಸ್ಥೆಯನ್ನು ಮಾತ್ರ. ಸಂಘಟಕರ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಮುಂದೆ ಹೇಳುವ ಕೊರತೆಗಳನ್ನು ನಾನು ಹಿಂದೆ ಅರ್ಜಿ ಹಾಕಿದ್ದ ಬೇರೆ ಎರಡು ಕಡೆಗಳಲ್ಲೂ ಕಂಡಿದ್ದೇನೆ.

ನಮ್ಮ ಪ್ರಸ್ತಾವದ ಮೂಲ ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ. ಈ ಶಿಕ್ಷಕರ ಶಾಲೆಗಳ ಮಕ್ಕಳು ಹೊಂಗೆ, ಬೇವು, ಮಾವಿನ ಮರಗಳ ಚಿಗುರು, ಹೂ, ಕಾಯಿಗಳನ್ನು ವಾರಕ್ಕೊಮ್ಮೆ ನೋಡಿ ಸೀಸನ್‌ವಾಚ್ ಯೋಜನೆಗೆ ದಾಖಲಿಸುತ್ತಾರೆ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಗಣತಿಯ ಸಮಯದಲ್ಲಿ ಊರ ಕೆರೆಯ ಏರಿಯ ಮೇಲೆ ಹದಿನೈದು ನಿಮಿಷ ನಿಂತು, ಕಂಡ ಹಕ್ಕಿಗಳ ಪಟ್ಟಿಯನ್ನು ಶಿಕ್ಷಕರ ಮೊಬೈಲಿನ ಮೂಲಕ, ಹಕ್ಕಿ ವೀಕ್ಷಕರ ದಾಖಲೆಗಳನ್ನು ಸಂಗ್ರಹಿಸುವ ಇಬರ್ಡ್ ಜಾಲತಾಣಕ್ಕೆ ಸೇರಿಸುತ್ತಾರೆ. ಎರಡನೆಯ ವರ್ಷದ ಗಣತಿ ಮುಗಿದ ದಿನ ಆ ಹುಡುಗಿ, 'ಹೋದ ವರ್ಷ ಬರೆದು ಕಳಿಸಿದ್ದೆಲ್ಲ ಎಲ್ಲಿಗೆ ಹೋಯಿತು?' ಎಂದು ಕೇಳಿದಳು. ಯುರೋಪಿನ ನಾಗರಿಕ ವಿಜ್ಞಾನ ಸಂಘವು 2015ರಲ್ಲಿ ಪ್ರಕಟಿಸಿದ ಹತ್ತು ತತ್ತ್ವಗಳಲ್ಲಿ ಒಂದು, ಪಾಲ್ಗೊಂಡವರಿಗೆ ಯೋಜನೆಯಿಂದ ಮರುಮಾಹಿತಿ ಸಿಗಬೇಕು ಎನ್ನುತ್ತದೆ. ಇನ್ನೊಂದು, ಫಲಿತಾಂಶಗಳಲ್ಲಿ ಅವರ ಪಾಲನ್ನು ಸ್ಮರಿಸಬೇಕು ಎನ್ನುತ್ತದೆ. 2023ರ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿ ಮೂವತ್ತು ಸಾವಿರಕ್ಕೂ ಹೆಚ್ಚು ವೀಕ್ಷಕರು ಇಬರ್ಡ್‌ಗೆ ಸೇರಿಸಿದ ಸುಮಾರು ಮೂರು ಕೋಟಿ ದಾಖಲೆಗಳ ಮೇಲೆ ನಿಂತು 942 ಪ್ರಭೇದಗಳನ್ನು ಪರಿಶೀಲಿಸಿದೆ. ನಮ್ಮ ರಾಜ್ಯಪಕ್ಷಿಯಾದ ನೀಲಕಂಠ ಕಡಿಮೆಯಾಗುತ್ತಿದೆ ಎಂಬುದು ಅದರ ಮುಖ್ಯ ಎಚ್ಚರಿಕೆಗಳಲ್ಲೊಂದು. ನೀಲಕಂಠವನ್ನು ವಿದ್ಯುತ್ ತಂತಿಯ ಮೇಲೆ ನೋಡಿ ಎಣಿಸಿದ ಮಕ್ಕಳಿಗೆ ಈ ವಿಷಯ ಗೊತ್ತಾದದ್ದು ಶಿಕ್ಷಕರು ಪಾಠದ ನಡುವೆ ಹೇಳಿದಾಗ. ಶಿಕ್ಷಕರು ಹೇಳದಿದ್ದರೆ ಗೊತ್ತಾಗುವ ದಾರಿಯೇ ಇರಲಿಲ್ಲ. ದತ್ತಾಂಶ ಕೊಟ್ಟವರಿಗೆ ಏನು, ಯಾವ ಭಾಷೆಯಲ್ಲಿ, ಯಾರ ಮೂಲಕ ಮರಳಬೇಕು ಎಂಬುದನ್ನು ಯೋಜನೆ ನಡೆಸುವವರೊಂದಿಗೆ ಎದುರುಬದುರು ಕುಳಿತು ಮಾತನಾಡಬೇಕೆಂಬುದೇ ನಮ್ಮ ಉದ್ದೇಶವಾಗಿತ್ತು.

ಅರ್ಜಿಯ ನಮೂನೆಯನ್ನು ತೆರೆದಾಗ ಮೊದಲ ತೊಡಕು ಎದುರಾಯಿತು. ಉಪನ್ಯಾಸ, ಕಿರುಭಾಷಣ, ಪೋಸ್ಟರ್, ಕಾರ್ಯಾಗಾರ, ಗುಂಪು ಚರ್ಚೆ ಎಂಬ ಐದು ಆಯ್ಕೆಗಳಿದ್ದವು. ಆದರೆ ಗುಂಪು ಚರ್ಚೆಯನ್ನು ಆರಿಸಿದರೂ ಮುಂದಿನ ಪುಟ ಕೇಳಿದ್ದು ಕನಿಷ್ಠ ನಾಲ್ವರು ಭಾಷಣಕಾರರ ಹೆಸರು, ಪ್ರತಿಯೊಬ್ಬರ ಪರಿಚಯ ಮತ್ತು ಪ್ರತಿಯೊಬ್ಬರ ಮಾತಿನ ಶೀರ್ಷಿಕೆಯನ್ನು. ಅಂದರೆ ವ್ಯವಸ್ಥೆಯ ಕಣ್ಣಿನಲ್ಲಿ ಚರ್ಚೆಯೆಂದರೆ ಸಾಲಾಗಿ ನಾಲ್ಕು ಭಾಷಣ, ಕೊನೆಗೆ ಐದು ನಿಮಿಷ ಪ್ರಶ್ನೋತ್ತರ. ಚರ್ಚಿಸಬೇಕಾದ ಪ್ರಶ್ನೆ ಯಾವುದು, ಯಾರು ಬಂದರೆ ಆ ಪ್ರಶ್ನೆಗೆ ನ್ಯಾಯ ಸಿಗುತ್ತದೆ, ಮಾತಾಡದೆ ಹಿಂದೆ ಕುಳಿತವರನ್ನು ಹೇಗೆ ಒಳಗೆ ಕರೆಯುತ್ತೀರಿ ಎಂದು ಕೇಳುವ ಒಂದು ಅಂಕಣವೂ ಇರಲಿಲ್ಲ. ಅರಳಿಕಟ್ಟೆಯಲ್ಲಿ ಮಾತು ನಡೆಯುವುದು ಭಾಷಣಕಾರರ ಪಟ್ಟಿಯಿಂದಲ್ಲ, ಎಲ್ಲರಿಗೂ ಸಂಬಂಧಪಟ್ಟ ಒಂದು ವಿಷಯದಿಂದ. ಜನರೇ ವಿಜ್ಞಾನದ ಪಾಲುದಾರರು ಎಂದು ಹೇಳುವ ಕ್ಷೇತ್ರದ ಅರ್ಜಿ ನಮೂನೆಗೆ ಇದು ಮೊದಲೇ ತಿಳಿದಿರಬೇಕಾಗಿತ್ತು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಸಾರಾಂಶವನ್ನು 250 ಪದಗಳ ಒಳಗೆ, ಇಂಗ್ಲಿಷಿನಲ್ಲೇ ಬರೆಯಬೇಕಾಗಿತ್ತು. ಇಬ್ಬರು ಶಿಕ್ಷಕರಲ್ಲಿ ಒಬ್ಬರು ತಮ್ಮ ಅನುಭವವನ್ನು ಕನ್ನಡದಲ್ಲಿ ಎರಡು ಪುಟ ಬರೆದುಕೊಟ್ಟರು. ನಾನು ಇಂಗ್ಲಿಷಿಗೆ ತಂದೆ. ಬರಗಾಲದ ವರ್ಷ ಹೊಂಗೆ ಚಿಗುರುವುದನ್ನು ಕಾದು ಕುಳಿತ ಮಕ್ಕಳ ಬಗ್ಗೆ ಅವರು ಬರೆದಿದ್ದ ಭಾಗ ನನ್ನ ಕೈಯಲ್ಲಿ ಒಂದು ಸಾಲಿಗೆ ಇಳಿಯಿತು. ಸಾರಾಂಶವನ್ನು ಭಾರತೀಯ ಭಾಷೆಗಳಲ್ಲಿ ಸ್ವೀಕರಿಸಿ ಅನುವಾದಿಸಿಕೊಳ್ಳುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಕೊನೆಯ ದಿನಾಂಕವೂ ಎಸ್ಸೆಸ್ಸೆಲ್ಸಿ ಪರೀಕ್ಷೆಯ ವಾರಗಳಲ್ಲೇ ಬಿದ್ದಿತ್ತು. ವಿಶ್ವವಿದ್ಯಾಲಯಗಳ ಕ್ಯಾಲೆಂಡರನ್ನು ಮಾತ್ರ ನೋಡಿ ದಿನಾಂಕ ನಿಗದಿ ಮಾಡಿದರೆ ಶಾಲಾ ಶಿಕ್ಷಕರು ತಾವಾಗಿಯೇ ಹೊರಗುಳಿಯುತ್ತಾರೆ.

ಇಷ್ಟಾದರೂ ನಾನು ಈ ವ್ಯವಸ್ಥೆಯನ್ನು ಮೆಚ್ಚುವುದಕ್ಕೆ ಒಂದು ಬಲವಾದ ಕಾರಣವಿದೆ. ಅದು ಪರಿಶೀಲನೆಯ ಗುಣಮಟ್ಟ. ಅರ್ಜಿ ಕಳಿಸಿದ ಐದು ವಾರಗಳ ನಂತರ ಇಬ್ಬರು ಪರಿಶೀಲಕರ ಟಿಪ್ಪಣಿಗಳು ಬಂದವು. ಇಬ್ಬರೂ ಪ್ರಸ್ತಾವವನ್ನು ಸಾಲು ಸಾಲಾಗಿ ಓದಿದ್ದರು. ನಾವು ಐದು ಪ್ರಶ್ನೆಗಳನ್ನು ಇಟ್ಟಿದ್ದೆವು. ಒಂದು ಗಂಟೆಯಲ್ಲಿ ಎರಡಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ಜಾಗವಿಲ್ಲವೆಂದು ಮೊದಲನೆಯವರು ತಿಳಿಸಿದರು. ಎರಡನೆಯವರು, ಚರ್ಚೆ ಮುಗಿದಾಗ ಆ ಕೋಣೆಯಿಂದ ಏನನ್ನು ಕೈಯಲ್ಲಿ ಹಿಡಿದು ಹೊರಬರುತ್ತೀರಿ ಎಂದು ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ. ಮೂರು ಸಂಜೆ ಫೋನಿನಲ್ಲಿ ಮಾತಾಡಿಕೊಂಡ ಮೇಲೆ, ಯೋಜನೆಗಳು ಪ್ರತಿ ಋತುವಿನ ಕೊನೆಯಲ್ಲಿ ಶಾಲೆಗಳಿಗೆ ಬರೆಯಬಹುದಾದ ಒಂದು ಪುಟದ ಪತ್ರದ ಮಾದರಿಯನ್ನು ಗೋಷ್ಠಿಯಲ್ಲೇ ಸಿದ್ಧಪಡಿಸುವುದೆಂದು ತೀರ್ಮಾನಿಸಿದೆವು. ದತ್ತಾಂಶವನ್ನು ಬಳಸುವ ಒಬ್ಬ ಸಂಶೋಧಕರಾದರೂ ಕುಳಿತಿರಬೇಕು ಎಂಬ ಸಲಹೆಯೂ ಆ ಎರಡನೆಯ ಪರಿಶೀಲಕರದೇ. ಆ ಸಲಹೆ ಇಲ್ಲದಿದ್ದರೆ ನಮ್ಮದು ನಾವು ನಾವೇ ಸೇರಿ ದೂರು ಹೇಳಿಕೊಳ್ಳುವ ಸಭೆಯಾಗುತ್ತಿತ್ತು.

ನಾಲ್ವರು ಭಾಷಣಕಾರರ ನಿಯಮದಿಂದ ವಿನಾಯಿತಿ ಬೇಕೆಂದು ಬರೆದಾಗ ಸಂಯೋಜಕರು ಎರಡೇ ದಿನಗಳಲ್ಲಿ ಒಪ್ಪಿದರು. ನಾವು ಫಿಶ್‌ಬೌಲ್ ಎಂದು ಕರೆಯುವ ವಿಧಾನವನ್ನು ಆರಿಸಿಕೊಂಡಿದ್ದೆವು: ನಡುವೆ ಐದು ಕುರ್ಚಿ, ಅದರಲ್ಲಿ ಒಂದು ಯಾವಾಗಲೂ ಖಾಲಿ, ಸುತ್ತ ಕುಳಿತವರಲ್ಲಿ ಯಾರಿಗೆ ಮಾತಾಡಬೇಕೆನಿಸುತ್ತದೋ ಅವರು ಬಂದು ಆ ಖಾಲಿ ಕುರ್ಚಿಯಲ್ಲಿ ಕೂರಬೇಕು, ಆಗ ಒಳಗಿದ್ದ ಒಬ್ಬರು ಎದ್ದು ಹೊರಗೆ ಹೋಗಬೇಕು. ಇದಕ್ಕೆ ಕುರ್ಚಿಗಳನ್ನು ಸರಿಸಲು ಬರುವ ಕೋಣೆ ಬೇಕೆಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದಿದ್ದೆವು. ನಮಗೆ ಸಿಕ್ಕಿದ್ದು ಮೆಟ್ಟಿಲು ಮೆಟ್ಟಿಲಾಗಿ ಆಸನಗಳನ್ನು ನೆಲಕ್ಕೆ ಬಿಗಿದ ಉಪನ್ಯಾಸ ಕೊಠಡಿ. ಕೊನೆಗೆ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸುತ್ತಲೂ ಹಾಕಿಕೊಂಡು ಗೋಷ್ಠಿ ನಡೆಸಿದೆವು.

ಗೋಷ್ಠಿಯ ಒಂದು ಕ್ಷಣವನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಅದು ಭಾಷಣದ ಸಾಲಿನಲ್ಲಿ ಹುಟ್ಟುತ್ತಿರಲಿಲ್ಲ. ಸಂಶೋಧಕರೊಬ್ಬರು ಪೂರ್ಣ ಪಟ್ಟಿಯ ಮಹತ್ವವನ್ನು ವಿವರಿಸುತ್ತಿದ್ದರು: ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದ ಪಟ್ಟಿಯಿದ್ದಾಗ ಮಾತ್ರ, ಪಟ್ಟಿಯಲ್ಲಿ ಇಲ್ಲದ ಹಕ್ಕಿಯ ಬಗ್ಗೆಯೂ ಏನನ್ನಾದರೂ ಹೇಳಲು ಸಾಧ್ಯ, ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ನೀಲಕಂಠ ಇದೆ ಎಂಬ ಲೆಕ್ಕದಿಂದಲೇ ಏರಿಳಿತ ತಿಳಿಯುವುದು. ಆಗ ನಮ್ಮ ಶಿಕ್ಷಕರು ಖಾಲಿ ಕುರ್ಚಿಗೆ ಬಂದು ಕುಳಿತು ಕನ್ನಡದಲ್ಲೇ ಮಾತಾಡಿದರು. ಕಾಗೆ, ಮೈನಾಗಳನ್ನು ಬರೆಯುವುದು ದಡ್ಡತನವೆಂದು ಮಕ್ಕಳು ಬಿಟ್ಟುಬಿಡುತ್ತಿದ್ದರು, ಯಾಕೆ ಬರೆಯಬೇಕೆಂದು ತಮಗೂ ಇವತ್ತೇ ಸರಿಯಾಗಿ ಅರ್ಥವಾಯಿತು, ಈ ಒಂದು ವಾಕ್ಯವನ್ನು ಎರಡು ವರ್ಷದ ಹಿಂದೆ ಯಾರಾದರೂ ಬರೆದು ಕಳಿಸಿದ್ದರೆ ತಮ್ಮ ಶಾಲೆಯ ಪಟ್ಟಿಗಳೆಲ್ಲ ಪೂರ್ಣವಾಗಿರುತ್ತಿದ್ದವು ಎಂದರು. ಅವರ ಮಾತನ್ನು ನಾನು ಇಂಗ್ಲಿಷಿಗೆ ಹೇಳಿದ ಮೇಲೆ ಸಂಶೋಧಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಂತರ ಪತ್ರದ ಮಾದರಿಯ ಮೊದಲ ಸಾಲನ್ನು ತಾವೇ ಬರೆದರು. ಮರುಮಾಹಿತಿ ಎನ್ನುವುದು ದತ್ತಾಂಶದ ಗುಣಮಟ್ಟದ ಪ್ರಶ್ನೆಯೂ ಹೌದೆಂಬುದು ಆ ಕಾರಿಡಾರಿನಲ್ಲಿ ಎಲ್ಲರಿಗೂ ಕಂಡಿತು.

ಹಣದ ವಿಷಯವನ್ನು ಬಿಡುವಂತಿಲ್ಲ. ಗೋಷ್ಠಿ ನಡೆಸುವವರೂ ನೋಂದಣಿ ಶುಲ್ಕ ಕಟ್ಟಬೇಕು. ರಿಯಾಯಿತಿ ಇದೆ, ಆದರೆ ಅದಕ್ಕೆ ಪ್ರತ್ಯೇಕ ಪತ್ರ ಬೇಕು. ಉತ್ತರ ಬರುವ ಹೊತ್ತಿಗೆ ರೈಲಿನ ಟಿಕೆಟ್ ಕಾಯ್ದಿರಿಸುವ ಕಾಲ ಮೀರಿತ್ತು. ಇಬ್ಬರು ಶಿಕ್ಷಕರಲ್ಲಿ ಒಬ್ಬರೇ ಬರಲು ಸಾಧ್ಯವಾದದ್ದು ಇದರಿಂದ. ಕನ್ನಡದ ಎರಡು ಪುಟ ಬರೆದವರು ಬರಲಿಲ್ಲ.

ಮುಂದಿನ ಬಾರಿ ಪ್ರಸ್ತಾವ ಕಳಿಸುವವರಿಗೆ ನನ್ನ ಶಿಫಾರಸು ಇದು: ಈ ವ್ಯವಸ್ಥೆಯನ್ನು ಖಂಡಿತ ಬಳಸಿಕೊಳ್ಳಿ, ಪರಿಶೀಲಕರ ಟಿಪ್ಪಣಿಗಳಿಗಾಗಿಯಾದರೂ ಅರ್ಜಿ ಹಾಕುವುದು ಸಾರ್ಥಕ. ನಮೂನೆಯಲ್ಲಿ ಜಾಗವಿಲ್ಲದಿದ್ದರೂ ನಿಮ್ಮ ಪ್ರಶ್ನೆಯನ್ನು ಸಾರಾಂಶದ ಮೊದಲ ವಾಕ್ಯದಲ್ಲೇ ಇಡಿ. ಕೋಣೆಯ ವಿಷಯವನ್ನು ಅರ್ಜಿಯಲ್ಲಿ ಬರೆದು ಸುಮ್ಮನಾಗದೆ, ಗೋಷ್ಠಿಗೆ ಒಂದು ವಾರ ಮೊದಲು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಶುಲ್ಕ ರಿಯಾಯಿತಿಯ ಪತ್ರವನ್ನು ಪ್ರಸ್ತಾವದ ಜೊತೆಗೇ ಕಳಿಸಿ. ಸಂಘಟಕರಿಗೆ ಈ ಎಲ್ಲವನ್ನೂ ಪತ್ರದಲ್ಲಿ ತಿಳಿಸಿದ್ದೇನೆ. ಮುಂದಿನ ನಮೂನೆಯಲ್ಲಿ ಚರ್ಚೆಯ ಪ್ರಶ್ನೆಗೆ ಮತ್ತು ಭಾಷೆಗೆ ಪ್ರತ್ಯೇಕ ಅಂಕಣ ಇಡುವುದಾಗಿ ಉತ್ತರ ಬಂದಿದೆ. ಆ ಅಂಕಣ ತೆರೆದ ದಿನ ನಮ್ಮ ಅರ್ಜಿಯನ್ನು ಕನ್ನಡದಲ್ಲಿ ತುಂಬುವವರು ಈ ಸಲ ಬರಲಾಗದಿದ್ದ ಆ ಶಿಕ್ಷಕರು.