ಎರಡು ಹೆರಿಗೆಗಳ ನಂತರ ಹೊಂದಿಕೊಂಡ ಬ್ರಾ: ಎರಡೂವರೆ ವರ್ಷಗಳ ಬಳಕೆಯ ಅನುಭವ

ಎರಡನೆಯ ಮಗಳಿಗೆ ಒಂದೂಮುಕ್ಕಾಲು ವರ್ಷವಾದಾಗ ಎದೆಹಾಲು ಬಿಡಿಸಿದೆ. ಅದಾದ ನಾಲ್ಕು ತಿಂಗಳ ನಂತರ, ಕಪಾಟಿನಲ್ಲಿ ಜೋಪಾನವಾಗಿ ಎತ್ತಿಟ್ಟಿದ್ದ ಹಳೆಯ ಬ್ರಾಗಳನ್ನು ತೆಗೆದು ಹಾಕಿಕೊಂಡು ನೋಡಿದರೆ ಒಂದೂ ಸರಿಹೊಂದಲಿಲ್ಲ. ಮದುವೆಗೆ ಮುಂಚಿನಿಂದಲೂ ನಾನು ಧರಿಸುತ್ತಿದ್ದುದು 36ಬಿ; ಅಂಕಿ ಎದೆ ಸುತ್ತಿನ ಪಟ್ಟಿಯ ಸೈಜ್, ಅಕ್ಷರ ಕಪ್ಪಿನ ಸೈಜ್. ಈಗ ಅದೇ ಬ್ರಾದಲ್ಲಿ ಕಪ್ಪಿನ ಮೇಲಿನ ಅರ್ಧ ಖಾಲಿ ಉಳಿದು ಸುಕ್ಕುಗಟ್ಟುತ್ತಿತ್ತು, ಕಂಕುಳ ಬದಿಯಲ್ಲಿ ಮಾತ್ರ ಸ್ತನದ ಭಾಗ ಹೊರಗೆ ಚಾಚುತ್ತಿತ್ತು, ಬೆನ್ನಿನ ಪಟ್ಟಿ ಮಧ್ಯಾಹ್ನದ ಹೊತ್ತಿಗೆ ಭುಜದ ಮೂಳೆಯವರೆಗೆ ಏರಿ ಕುಳಿತಿರುತ್ತಿತ್ತು. ಒಂದೇ ಬ್ರಾ ಒಂದು ಕಡೆ ದೊಡ್ಡದೂ ಇನ್ನೊಂದು ಕಡೆ ಚಿಕ್ಕದೂ ಆಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ನನಗೆ ಸುಮಾರು ಎಂಟು ತಿಂಗಳು ಹಿಡಿಯಿತು. ಆ ಉತ್ತರವನ್ನೂ, ಅದರಿಂದ ದೊರೆತ ಬ್ರಾವನ್ನು ಎರಡೂವರೆ ವರ್ಷ ಬಳಸಿದ ಅನುಭವವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಬಸಿರಿನಲ್ಲಿ ಹಾಲಿನ ಗ್ರಂಥಿಗಳು ಬೆಳೆದು ಸ್ತನ ತುಂಬಿಕೊಳ್ಳುತ್ತದೆ, ಅದರ ಜೊತೆಗೆ ಚರ್ಮವೂ ಒಳಗೆ ಆಸರೆಯಾಗಿರುವ ತೆಳುವಾದ ತಂತುಗಳೂ ಹಿಗ್ಗುತ್ತವೆ. ಹಾಲು ನಿಂತ ಮೇಲೆ ಗ್ರಂಥಿಗಳು ಕುಗ್ಗುತ್ತವೆಯೇ ಹೊರತು, ಹಿಗ್ಗಿದ ಚರ್ಮ ಅದೇ ಪ್ರಮಾಣದಲ್ಲಿ ಹಿಂದಕ್ಕೆ ಸರಿಯುವುದಿಲ್ಲ. ಆದ್ದರಿಂದ ಅನೇಕರಲ್ಲಿ ಸ್ತನದ ಮೇಲ್ಭಾಗ ಇಳಿಜಾರಾಗಿ ಖಾಲಿಯಾಗುತ್ತದೆ, ತೂಕವೆಲ್ಲ ಕೆಳಗೆ ಮತ್ತು ಪಕ್ಕಕ್ಕೆ ಇಳಿಯುತ್ತದೆ. ‘ಎರಡು ಮಕ್ಕಳಿಗೂ ಅಷ್ಟು ದಿನ ಹಾಲು ಕೊಟ್ಟೆಯಲ್ಲ, ಇನ್ನೇನಾಗುತ್ತದೆ’ ಎಂದು ನನ್ನ ಚಿಕ್ಕಮ್ಮ ಹೇಳಿದ್ದರು. ಈ ಮಾತನ್ನು ಕೇಳಿ ಬೇಗ ಹಾಲು ಬಿಡಿಸುವ ತಾಯಂದಿರೂ ಇರುವುದರಿಂದ ಒಂದು ವಿಷಯವನ್ನು ಹೇಳಲೇಬೇಕು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಪ್ಲಾಸ್ಟಿಕ್ ಸರ್ಜರಿ ತಜ್ಞರು ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ತನ ಜೋತುಬೀಳುವುದಕ್ಕೆ ಹಾಲೂಡಿಸುವುದು ಕಾರಣವಾಗಿ ಕಂಡುಬರಲಿಲ್ಲ; ವಯಸ್ಸು, ಬಸಿರಾದ ಸಂಖ್ಯೆ, ದೇಹದ ತೂಕ, ಮೊದಲೇ ಇದ್ದ ಗಾತ್ರ ಮತ್ತು ಧೂಮಪಾನ ಇವೇ ಕಾರಣಗಳಾಗಿ ಕಂಡವು. ಮಗುವಿಗೆ ಹಾಲು ಕೊಟ್ಟುದಕ್ಕಾಗಿ ಯಾರೂ ಪಶ್ಚಾತ್ತಾಪಪಡಬೇಕಾಗಿಲ್ಲ.

ಮೊದಲು ನಾನು ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದೇ. ಮೈಸೂರಿನ ಒಂದು ಅಂಗಡಿಯಲ್ಲಿ ಅಳತೆ ಕೊಡದೆ, ಹಾಕಿ ನೋಡಲು ಜಾಗವೂ ಇಲ್ಲದೆ, ಹಳೆಯ ನಂಬರನ್ನೇ ಹೇಳಿ ದಪ್ಪ ಪ್ಯಾಡಿನ ಎರಡು ಬ್ರಾಗಳನ್ನು ತಂದೆ. ಅವುಗಳಲ್ಲೂ ಮೇಲ್ಭಾಗ ಖಾಲಿಯೇ ಉಳಿದುದರಿಂದ ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿನ ಹುಡುಗಿ ನೋಡಿ, ‘ಮೇಡಂ, ಕಪ್ ದೊಡ್ಡದಾಗಿದೆ, ಒಂದು ಸೈಜ್ ಕಡಿಮೆ ತಗೊಳ್ಳಿ’ ಎಂದಳು. ನೋಡಿದವರಿಗೆ ಹಾಗೆಯೇ ಅನಿಸುವುದು ಸಹಜ. ಆದರೆ ಕಪ್ ಚಿಕ್ಕದಾದಷ್ಟೂ ಪಕ್ಕದಿಂದ ಚಾಚುವುದು ಹೆಚ್ಚಾಯಿತು, ಸ್ತನದ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಕೆಂಪು ಗುಳ್ಳೆಗಳೆದ್ದವು. ಅಚ್ಚಿನಲ್ಲಿ ಒತ್ತಿ ಮಾಡಿದ ಪ್ಯಾಡಿನ ಕಪ್ಪಿಗೆ ತನ್ನದೇ ಆದ ದುಂಡನೆಯ ಆಕಾರವಿರುತ್ತದೆ; ಮೇಲೂ ಕೆಳಗೂ ಸಮನಾಗಿ ತುಂಬಿರುವ ಸ್ತನಕ್ಕೆ ಮಾತ್ರ ಅದು ಒಪ್ಪುತ್ತದೆ. ಕೆಳಗೆ ತುಂಬಿ ಮೇಲೆ ಖಾಲಿಯಾಗಿರುವ ಸ್ತನಕ್ಕೆ ಆ ಕಪ್ ಯಾವ ಸೈಜಿನದಾದರೂ ಮೇಲೆ ಬಾಯಿ ತೆರೆದುಕೊಂಡೇ ಇರುತ್ತದೆ. ನನ್ನ ತೊಂದರೆ ಸೈಜಿನದ್ದಷ್ಟೇ ಆಗಿರಲಿಲ್ಲ, ಆಕಾರದ್ದೂ ಆಗಿತ್ತು.

ಆಮೇಲೆ ಮನೆಯಲ್ಲಿ ಟೇಪು ಹಿಡಿದು ಅಳೆದೆ. ನಮ್ಮಲ್ಲಿ ಮಾರುವ ಅನೇಕ ಬ್ರಾಗಳ ಲೇಬಲ್ಲಿನ ಮೇಲೆ 34ರ ಜೊತೆಗೆ 75, 36ರ ಜೊತೆಗೆ 80 ಎಂದು ಅಚ್ಚಾಗಿರುತ್ತದೆ. ಎಷ್ಟೋ ವರ್ಷ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಆ ಎರಡನೆಯ ಅಂಕಿ ಸ್ತನದ ಕೆಳಗಿನ ಎದೆಯ ಸುತ್ತಳತೆ, ಸೆಂಟಿಮೀಟರಿನಲ್ಲಿ. ಉಸಿರು ಬಿಟ್ಟು, ಟೇಪನ್ನು ಬಿಗಿಯಾಗಿ ಸುತ್ತಿದಾಗ ನನ್ನ ಅಳತೆ 76 ಬಂತು, 75ಕ್ಕೆ ಹತ್ತಿರ; ನನಗೆ ಬೇಕಾದದ್ದು 34ರ ಪಟ್ಟಿ. ಅಂದರೆ ಹತ್ತು ಹನ್ನೆರಡು ವರ್ಷಗಳಿಂದ ನಾನು ಒಂದು ಸೈಜ್ ದೊಡ್ಡ ಪಟ್ಟಿಯನ್ನೇ ಧರಿಸಿದ್ದೆ. ಭಾರವನ್ನು ಪಟ್ಟಿ ಹೊರಬೇಕಾದಲ್ಲಿ ಭುಜದ ಸ್ಟ್ರಾಪ್ ಹೊರುತ್ತಿತ್ತು, ಭುಜದ ಮೇಲೆ ಬಿದ್ದಿದ್ದ ಗುಳಿಗಳಿಗೆ ಅದೇ ಕಾರಣ. ಸ್ತನ ಹೆಚ್ಚು ತುಂಬಿರುವ ಕಡೆಯ ಸುತ್ತಳತೆಯನ್ನು ನಿಂತು ತೆಗೆದಾಗ 92, ಸೊಂಟ ಬಾಗಿಸಿ ಮುಂದಕ್ಕೆ ಒರಗಿ ತೆಗೆದಾಗ 95 ಬಂತು. ಹೆರಿಗೆಯ ನಂತರ ಮೃದುವಾಗಿ ಇಳಿದಿರುವ ಸ್ತನದ ನಿಜವಾದ ಗಾತ್ರ ನಿಂತು ಅಳೆದಾಗ ಸಿಗುವುದಿಲ್ಲವಾದ್ದರಿಂದ ಎರಡರ ಸರಾಸರಿಯನ್ನು ಹಿಡಿದೆ. ನಾನು ಕೊಂಡ ಬ್ರಾದ ಕಂಪನಿಯ ಸೈಜ್ ಚಾರ್ಟಿನ ಪ್ರಕಾರ ಅದು 34ಡಿ. ಡಿ ಎಂದೊಡನೆ ತುಂಬ ದೊಡ್ಡದೆಂದು ನಾನೂ ಅಳುಕಿದ್ದೆ. ಆದರೆ ಕಪ್ಪಿನ ಅಕ್ಷರಕ್ಕೆ ಪಟ್ಟಿಯ ಅಂಕಿಯನ್ನು ಬಿಟ್ಟು ಪ್ರತ್ಯೇಕ ಅರ್ಥವಿಲ್ಲ: 36ಬಿ ಕಪ್ಪಿನಲ್ಲಿ ಹಿಡಿಯುವಷ್ಟೇ 34ಸಿ ಕಪ್ಪಿನಲ್ಲೂ ಹಿಡಿಯುತ್ತದೆ. ಹಾಗೆ ನೋಡಿದರೆ ನನಗೆ ಹೆಚ್ಚಾದದ್ದು ಒಂದೇ ಕಪ್.

ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಒಂದೇ ಕಂಪನಿಯಲ್ಲಿ ಹತ್ತು ಬಗೆಯ ಹೊಲಿಗೆಗಳಿರುತ್ತವೆ. ಕೊಳ್ಳುವವರು ಕೇಳಬೇಕಾದುದು ಹೊಲಿಗೆಯನ್ನು. ನನ್ನದು ಪ್ಯಾಡ್ ಮತ್ತು ವೈರ್ ಎರಡೂ ಇಲ್ಲದ, ಹತ್ತಿ ಹೆಚ್ಚಾಗಿರುವ ಬಟ್ಟೆಯ ಬ್ರಾ. ಕಪ್ ಒಂದೇ ಅಚ್ಚಿನದಲ್ಲ, ಮೂರು ತುಂಡುಗಳನ್ನು ಸೇರಿಸಿ ಹೊಲಿದದ್ದು. ಕೆಳಗಿನ ಎರಡು ತುಂಡುಗಳು ಹಿಗ್ಗದ ಗಟ್ಟಿ ಬಟ್ಟೆಯವು, ಸ್ತನವನ್ನು ತಳದಿಂದ ಎತ್ತಿ ಹಿಡಿಯುತ್ತವೆ. ಮೇಲಿನ ತುಂಡು ಹಿಗ್ಗುವ ಲೇಸಿನದು, ಆದ್ದರಿಂದ ಅಲ್ಲಿ ಎಷ್ಟು ತುಂಬಿದೆಯೋ ಅಷ್ಟಕ್ಕೆ ಮಾತ್ರ ಅಂಟಿ ಕೂರುತ್ತದೆ. ಕಪ್ಪಿನ ಒಳಗೆ ಕಂಕುಳ ಬದಿಯಲ್ಲಿ ಇನ್ನೊಂದು ಪಟ್ಟಿಯಿದ್ದು, ಪಕ್ಕಕ್ಕೆ ಸರಿದದ್ದನ್ನು ಮುಂದಕ್ಕೆ ತಂದು ನಿಲ್ಲಿಸುತ್ತದೆ. ನನ್ನ ಎಡಗಡೆಯ ಸ್ತನ ಬಲಗಡೆಯದಕ್ಕಿಂತ ದೊಡ್ಡದು. ದೊಡ್ಡದಕ್ಕೆ ತಕ್ಕ ಕಪ್ ಕೊಂಡರೂ ಲೇಸಿನಿಂದಾಗಿ ಬಲಗಡೆ ಸುಕ್ಕು ಕಾಣುವುದಿಲ್ಲ. ಕೊಂಡಾಗ ಒಂದಕ್ಕೆ ಸುಮಾರು 700 ರೂಪಾಯಿ ಕೊಟ್ಟೆ, ಮೂರು ತೆಗೆದುಕೊಂಡೆ.

ಹಾಕಿಕೊಳ್ಳುವ ಕ್ರಮವನ್ನೂ ಕಲಿಯಬೇಕಾಯಿತು. ಹುಕ್ಕು ಹಾಕಿದ ಮೇಲೆ ಮುಂದಕ್ಕೆ ಬಾಗಿ, ಕಂಕುಳ ಕಡೆಯಿಂದ ಕೈಯಲ್ಲಿ ಸ್ತನವನ್ನು ಪೂರ್ತಿ ಕಪ್ಪಿನೊಳಗೆ ಸೇರಿಸಬೇಕು. ಹೀಗೆ ಮಾಡಿದಾಗ ಮಾತ್ರ ಕಪ್ ಚಿಕ್ಕದೋ ಸರಿಯೋ ಎಂಬುದು ಗೊತ್ತಾಗುತ್ತದೆ. ಹೊಸ ಬ್ರಾ ಅತ್ಯಂತ ಸಡಿಲವಾದ ಹುಕ್ಕಿನಲ್ಲಿಯೇ ಬಿಗಿಯಾಗಿ ಕೂರಬೇಕು, ಪಟ್ಟಿಯ ಕೆಳಗೆ ಎರಡು ಬೆರಳು ಹೋಗುವಷ್ಟು ಮಾತ್ರ ಜಾಗವಿರಬೇಕು. ಉಳಿದ ಹುಕ್ಕುಗಳು ಇರುವುದು ಎಲಾಸ್ಟಿಕ್ ಹಿಗ್ಗಿದ ಮೇಲೆ ಬಳಸುವುದಕ್ಕೆ. ಕೈ ಮೇಲೆತ್ತಿದಾಗ ಪಟ್ಟಿ ಜಾಗ ಬಿಟ್ಟು ಏಳಬಾರದು. ಮನೆಯ ಅಟ್ಟದಿಂದ ಡಬ್ಬ ಇಳಿಸುವಾಗ ಪ್ರತಿದಿನ ನನಗೆ ಈ ಪರೀಕ್ಷೆ ತಾನಾಗಿಯೇ ನಡೆಯುತ್ತದೆ.

ಮೊದಲ ವಾರ ಪಟ್ಟಿ ಬಿಗಿ ಎನಿಸಿತು, ಸಂಜೆ ತೆಗೆದಾಗ ಸುತ್ತಲೂ ಗೆರೆ ಕಾಣುತ್ತಿತ್ತು. ಎರಡನೆಯ ವಾರದ ಹೊತ್ತಿಗೆ ಭುಜದ ನೋವು ಕಡಿಮೆಯಾಗಿ, ತಿಂಗಳೊಪ್ಪತ್ತಿನಲ್ಲಿ ಗುಳ್ಳೆಗಳೂ ಮಾಯವಾದವು. ಸುಮಾರು ಹತ್ತು ತಿಂಗಳಿಗೆ ಎರಡನೆಯ ಹುಕ್ಕಿಗೆ ಬಂದೆ, ಒಂದೂವರೆ ವರ್ಷ ದಾಟಿದ ಮೇಲೆ ಮೂರನೆಯದಕ್ಕೆ. ಮೂರನ್ನೂ ಸರದಿಯಂತೆ ಹಾಕಿ, ಒಂದನ್ನೇ ಎರಡು ದಿನ ಸತತವಾಗಿ ಹಾಕದೆ, ಕೈಯಲ್ಲಿ ಒಗೆದು ಹಿಂಡದೆ ನೆರಳಿನಲ್ಲಿ ಒಣಗಿಸಿದ್ದರಿಂದ ಇಷ್ಟು ಬಾಳಿಕೆ ಬಂತೆಂದು ನಂಬಿದ್ದೇನೆ. ಯಾರ ಕಣ್ಣಿಗೂ ಬೀಳಬಾರದೆಂದು ಒದ್ದೆ ಸೀರೆಯ ಕೆಳಗೆ, ಟವೆಲಿನ ಮರೆಯಲ್ಲಿ ಬ್ರಾ ಒಣಗಿಸುವುದು ನಮ್ಮ ಮನೆಯಲ್ಲೂ ರೂಢಿಯಾಗಿತ್ತು. ಅಲ್ಲಿ ಗಾಳಿಯಾಡದೆ ತೇವ ಉಳಿದು, ಅದನ್ನೇ ಮತ್ತೆ ಮೈಗೆ ಹಾಕಿಕೊಂಡರೆ ಮಡಿಕೆಗಳಲ್ಲಿ ತುರಿಕೆ ಹೆಚ್ಚಾಗುತ್ತದೆ. ಈಗ ನಾನು ಹಿತ್ತಿಲ ಹಗ್ಗದ ಮೇಲೆ ನೇರವಾಗಿ ಹರವುತ್ತೇನೆ. ಅತ್ತೆಯವರು ಮೊದಲು ಮುಜುಗರಪಟ್ಟರು, ಕಾರಣ ಹೇಳಿದ ಮೇಲೆ ಅವರೂ ಹಾಗೆಯೇ ಮಾಡುತ್ತಿದ್ದಾರೆ.

ನಾನು ನಿರೀಕ್ಷಿಸದೆ ಇದ್ದ ಖರ್ಚು ಬ್ಲೌಸುಗಳದ್ದು. ಹಳೆಯ ಬ್ಲೌಸುಗಳನ್ನು ದಪ್ಪ ಪ್ಯಾಡಿನ ಬ್ರಾ ಹಾಕಿಕೊಂಡು ಅಳತೆ ಕೊಟ್ಟು ಹೊಲಿಸಿದ್ದೆ. ಹೊಸ ಬ್ರಾದಲ್ಲಿ ಸ್ತನ ನಿಲ್ಲುವ ಎತ್ತರವೂ ಆಕಾರವೂ ಬೇರೆಯಾದುದರಿಂದ ಎದೆಯ ಆಕಾರಕ್ಕೆಂದು ಬ್ಲೌಸಿನಲ್ಲಿ ಹಿಡಿದ ಮಡಿಕೆಗಳು, ಅಂದರೆ ಡಾಟ್‌ಗಳು ಎಲ್ಲೋ ಕೂರುತ್ತಿದ್ದವು. ಹೊಲಿಯುವ ಅಕ್ಕ ಆರು ಬ್ಲೌಸುಗಳ ಡಾಟ್ ಬಿಚ್ಚಿ ಸರಿಪಡಿಸಿಕೊಟ್ಟರು, ಎರಡರಲ್ಲಿ ಒಳಗೆ ಬಟ್ಟೆ ಸಾಲದೆ ಹಾಗೆಯೇ ಬಿಡಬೇಕಾಯಿತು. ಹೊಸ ಬಗೆಯ ಬ್ರಾ ಕೊಂಡವರು ಅದನ್ನೇ ಧರಿಸಿ ಬ್ಲೌಸಿನ ಅಳತೆ ಕೊಡುವುದು ಒಳ್ಳೆಯದು.

ಕೊರತೆಗಳೂ ಇವೆ. ತೆಳುವಾದ ಕುರ್ತಾ ಹಾಕಿದಾಗ ಕಪ್ಪಿನ ಹೊಲಿಗೆಯ ಗೆರೆ ಕಾಣುತ್ತದೆ, ಮೊಲೆತೊಟ್ಟಿನ ಮರೆಗೆ ಪ್ಯಾಡಿನಷ್ಟು ರಕ್ಷಣೆ ಸಿಗುವುದಿಲ್ಲ. ಒಂದು ವರ್ಷದ ನಂತರ ಪಕ್ಕದ ಪಟ್ಟಿಯ ಅಂಚು ಮಡಚಿಕೊಳ್ಳಲು ಶುರುವಾಯಿತು. ಬಣ್ಣ ಕಪ್ಪು, ಬಿಳಿ, ಸ್ಕಿನ್ ಬಿಟ್ಟರೆ ಬೇರೆ ಸಿಗಲಿಲ್ಲ. ಓಟ, ಜಿಗಿತದ ವ್ಯಾಯಾಮಕ್ಕೆ ಇದು ಸಾಲದು, ನಾನು ವಾಕಿಂಗಿಗೆ ಮಾತ್ರ ಬಳಸಿದ್ದೇನೆ. ಇನ್ನೂ ಹಾಲೂಡಿಸುತ್ತಿರುವವರು ಇದನ್ನು ಈಗಲೇ ಕೊಳ್ಳುವುದು ಬೇಡ. ಗಾತ್ರ ದಿನದೊಳಗೇ ಏರಿಳಿಯುವ ಆ ಕಾಲದಲ್ಲಿ ಬಿಗಿಯಾದ ಕಪ್ ಒತ್ತಿದರೆ ಹಾಲು ಕಟ್ಟಿಕೊಳ್ಳುವ ಸಾಧ್ಯತೆಯಿದೆ. ಹಾಲು ಬಿಡಿಸಿದ ಮೇಲೂ ಕೆಲವು ತಿಂಗಳು ಕಾದು ಅಳೆಯುವುದು ಮೇಲು. ಒಂದೇ ಕಡೆ ಹೊಸದಾಗಿ ಆಕಾರ ಬದಲಾದರೆ, ಗಂಟು ಕೈಗೆ ಸಿಕ್ಕರೆ, ಚರ್ಮ ಒಳಕ್ಕೆ ಎಳೆದಂತೆ ಕಂಡರೆ ಬ್ರಾ ಬದಲಿಸುವುದನ್ನು ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು.

ಮೂರರಲ್ಲಿ ಒಂದು ಈಗ ಕೊನೆಯ ಹುಕ್ಕಿನಲ್ಲೂ ಸಡಿಲವಾಗಿ, ರಾತ್ರಿ ನೈಟಿಯ ಒಳಗೆ ಹಾಕಿಕೊಳ್ಳಲು ಉಳಿದಿದೆ. ಉಳಿದೆರಡು ಇನ್ನು ಮೂರು ನಾಲ್ಕು ತಿಂಗಳು ಬರಬಹುದು. ಕಳೆದ ವಾರ ಮತ್ತೆ ಟೇಪು ಹಿಡಿದು ನೋಡಿದಾಗ ಕೆಳಗಿನ ಅಳತೆ 76ರಲ್ಲೇ ಇತ್ತು, ಅದೇ ಹೊಲಿಗೆಯ 34ಡಿ ಇನ್ನೆರಡಕ್ಕೆ ಆರ್ಡರ್ ಕೊಟ್ಟಿದ್ದೇನೆ.