ಹಳೇ ಬೇಸ್‌ಬಾಲ್ ಪ್ಯಾಕ್‌ನಲ್ಲಿ ಸಹಿ ಹುಡುಕುವ ಮುಂಚೆ ಇದನ್ನು ಓದಿ

ನ್ಯೂಜೆರ್ಸಿಯ ಒಂದು ಕಾರ್ಡ್ ಶೋನಲ್ಲಿ, ಅಂದರೆ ಆಟಗಾರರ ಕಾರ್ಡು ಮಾರುವ ಸಂತೆಯಲ್ಲಿ, ನಮಗೆ 260 ಡಾಲರ್ ಟೋಪಿ ಬಿತ್ತು. ಆಟಗಾರನ ಸಹಿ ಇರುವ ಕಾರ್ಡು ಸಿಗಬಹುದು ಅಂತ ಕೊಂಡ ಹಳೇ ಬಾಕ್ಸಿನ ಪ್ಯಾಕುಗಳನ್ನು ಯಾರೋ ಮೊದಲೇ ಬಿಚ್ಚಿ ಮತ್ತೆ ಅಂಟಿಸಿದ್ದರು. ದುಡ್ಡು ಹೋದದ್ದು ಹೋಯ್ತು. ಆದರೆ ಅದೇ ಆಟ ಇನ್ನೂ ನಡೆಯುತ್ತಿದೆ, ಶೋಗಳಲ್ಲೂ ಆನ್‌ಲೈನ್‌ನಲ್ಲೂ. ಇಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಮಕ್ಕಳು ಲಿಟಲ್ ಲೀಗ್ (ಮಕ್ಕಳ ಬೇಸ್‌ಬಾಲ್) ಆಡಲು ಶುರು ಮಾಡಿದರೆ ಸಾಕು, ಕಾರ್ಡಿನ ಹುಚ್ಚು ಹಿಂದೆಯೇ ಬರುತ್ತದೆ. ಮಕ್ಕಳಿಗಿಂತ ಅಪ್ಪಂದಿರಿಗೆ ಜಾಸ್ತಿ, ಅದು ಬೇರೆ ಮಾತು. ಬೆಂಗಳೂರು, ಮೈಸೂರಿನಲ್ಲಿ ಕೂತು ಅಮೆರಿಕದ ನೆಂಟರ ಕೈಲಿ ತರಿಸಿಕೊಳ್ಳುವವರೂ ಇದ್ದಾರೆ. ಎಲ್ಲರಿಗೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಬೇಸ್‌ಬಾಲ್ ಕಾರ್ಡ್ ಅಂದರೆ ಮುಂದೆ ಆಟಗಾರನ ಫೋಟೋ, ಹಿಂದೆ ಅವನ ಆಟದ ಲೆಕ್ಕ ಇರುವ ರಟ್ಟಿನ ಚೀಟಿ. 80ರ ದಶಕದಲ್ಲಿ ನಮ್ಮ ಕಡೆ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಚೀಟಿ ಬರುತ್ತಿತ್ತಲ್ಲ, ಹೆಚ್ಚು ಕಡಿಮೆ ಅದೇ. ಇಲ್ಲಿ ಟಾಪ್ಸ್ ಕಂಪನಿ ಕೂಡ ದಶಕಗಳ ಕಾಲ ಮೇಣದ ಕಾಗದದೊಳಗೆ ಕಾರ್ಡು, ಗಮ್ ಎರಡನ್ನೂ ಸುತ್ತಿ ಮಾರಿತು. 1989ರಲ್ಲಿ ಅಪ್ಪರ್ ಡೆಕ್ ಕಂಪನಿಯ ಕಾರ್ಡುಗಳು ಬಂದವು. ಒಳ್ಳೆ ರಟ್ಟು, ಪ್ರತಿ ಕಾರ್ಡಿನ ಹಿಂದೆ ಪುಟ್ಟ ಹಾಲೋಗ್ರಾಮ್, ಮೇಣದ ಕಾಗದದ ಬದಲು ಫಾಯಿಲ್ ಪ್ಯಾಕ್. ಮರು ವರ್ಷ, 1990ರಲ್ಲಿ, ಇವರು ಜನಕ್ಕೆ ಒಂದು ಹೊಸ ಆಸೆ ಹಚ್ಚಿದರು. ಹಿಂದೆ ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಆಡಿದ್ದ ಹೆಸರಾಂತ ಆಟಗಾರ ರೆಜ್ಜಿ ಜಾಕ್ಸನ್ ಸಹಿ ಮಾಡಿದ, ನಂಬರ್ ಹಾಕಿದ 2,500 ಕಾರ್ಡುಗಳನ್ನು ಪ್ಯಾಕ್‌ಗಳೊಳಗೆ ಎಲ್ಲೆಂದರಲ್ಲಿ ಬೆರೆಸಿಬಿಟ್ಟರು. ಬೇಸ್‌ಬಾಲ್ ಪ್ಯಾಕ್‌ನಲ್ಲಿ ಹೀಗೆ ಸಹಿ ಸಿಗಲು ಶುರುವಾದದ್ದೇ ಆಗ.

ಅಂದರೆ ಒಂದು ಸಂಗತಿ ಇಲ್ಲೇ ತೀರ್ಮಾನವಾಯಿತು. 1975ರದ್ದೋ 1986ರದ್ದೋ ಪ್ಯಾಕ್ ತೋರಿಸಿ "ಒಳಗೆ ಸಹಿ ಇರೋ ಕಾರ್ಡ್ ಸಿಗಬಹುದು" ಅಂದರೆ ಅದು ಹಸಿ ಸುಳ್ಳು. ಆಗಿನ ಪ್ಯಾಕ್‌ಗಳಲ್ಲಿ ಸಹಿ ಹಾಕಿದ ಕಾರ್ಡು ಇಡುವ ಪದ್ಧತಿಯೇ ಇರಲಿಲ್ಲ. 1990 ಆದ ಮೇಲೆ ಉಳಿದವರೂ ಹಿಂಬಾಲಿಸಿದರು. 1991ರಲ್ಲಿ ಅಪ್ಪರ್ ಡೆಕ್ ನೋಲನ್ ರಯಾನ್ ಮತ್ತು ಹ್ಯಾಂಕ್ ಆರನ್ ಅವರ ತಲಾ 2,500 ಸಹಿ ಇಟ್ಟಿತು. ಡಾನ್‌ರಸ್ ಕಂಪನಿ ಅದೇ ವರ್ಷ ರೈನ್ ಸ್ಯಾಂಡ್‌ಬರ್ಗ್ ಅವರ 5,000, ಮರು ವರ್ಷ ಕ್ಯಾಲ್ ರಿಪ್ಕನ್ ಅವರ 5,000 ಸಹಿ ಇಟ್ಟಿತು. ಕೇಳಲು ಜಾಸ್ತಿ ಅನಿಸುತ್ತದೆ. ಆದರೆ ಆ ವರ್ಷಗಳಲ್ಲಿ ಕಂಪನಿಗಳು ಅಚ್ಚು ಹಾಕಿದ್ದಕ್ಕೆ ಲೆಕ್ಕವೇ ಇಲ್ಲ. ಆ ಕಾಲಕ್ಕೆ ಇಲ್ಲಿನವರು "ಜಂಕ್ ವ್ಯಾಕ್ಸ್" (ಕಸದ ಮೇಣ) ಅಂತಲೇ ಹೆಸರಿಟ್ಟಿದ್ದಾರೆ. ಅಪ್ಪರ್ ಡೆಕ್ಕಿನ ಒಂದು ಪ್ಯಾಕ್‌ಗೆ 15 ಕಾರ್ಡು, ಬಾಕ್ಸಿಗೆ 36 ಪ್ಯಾಕು, ಒಂದು ಕೇಸಿಗೆ 20 ಬಾಕ್ಸು. ಇಂಥ ಕೇಸುಗಳ ಗುಡ್ಡದಲ್ಲಿ ಆ 2,500 ಎಲ್ಲಿ ಅಂತ ಹುಡುಕುತ್ತೀರಿ?

ನನ್ನ ಮಗನಿಗೆ ಹನ್ನೆರಡು ವರ್ಷ, ಯಾಂಕೀಸ್ ಅಂದರೆ ಪ್ರಾಣ. 1977ರ ವರ್ಲ್ಡ್ ಸೀರೀಸ್ ಅನ್ನುವ ಫೈನಲ್ ಸರಣಿಯ ಆರನೇ ಪಂದ್ಯದಲ್ಲಿ ರೆಜ್ಜಿ ಮೂವರು ಪಿಚರ್‌ಗಳ (ಚೆಂಡು ಎಸೆಯುವವರ) ಮೊದಲ ಎಸೆತಕ್ಕೇ ಒಂದೊಂದು ಹೋಮ್ ರನ್, ನಮ್ಮ ಸಿಕ್ಸರ್ ಥರದ್ದು, ಹೊಡೆದ ವಿಡಿಯೋ ಅವನಿಗೆ ಬಾಯಿಪಾಠ. ಶೋನಲ್ಲಿ ಒಬ್ಬ ಮಾರಾಟಗಾರನ ಟೇಬಲ್ ಮೇಲೆ 1990ರ ಅಪ್ಪರ್ ಡೆಕ್ ಹೈ ಸೀರೀಸ್ ಬಾಕ್ಸ್, ಅಂದರೆ ರೆಜ್ಜಿ ಸಹಿ ಬೆರೆಸಿದ್ದ ಎರಡನೇ ಕಂತಿನ ಬಾಕ್ಸ್, ಕಂಡಿತು. ಆಸಾಮಿ ಮಾತಿನಲ್ಲಿ ಬಹಳ ಒಳ್ಳೆಯವನು. ತಮ್ಮ ಮಾವನ ಅಟ್ಟದಲ್ಲಿ ಇತ್ತಂತೆ, ಯಾರೂ ಮುಟ್ಟಿರಲಿಲ್ಲವಂತೆ. ಬಾಕ್ಸಿನ ಮೇಲೆ ಬಿಗಿಯಾದ ಪ್ಲಾಸ್ಟಿಕ್ ಹೊದಿಕೆ ಬೇರೆ. ಮಾಮೂಲಿ ಬೆಲೆಗಿಂತ ಜಾಸ್ತಿಯೇ ಹೇಳಿದ, "ಇಂಥದ್ದು ಈಗ ಸಿಗಲ್ಲ" ಅಂದ. ಕಾರ್ಡಿನಲ್ಲಿ ಕೊಟ್ಟರೆ ಫೀಸು ಬೀಳುತ್ತೆ, ಆ್ಯಪ್‌ನಲ್ಲಿ ಸ್ನೇಹಿತರಿಗೆ ಕಳಿಸುವ ಹಾಗೆ ಕಳಿಸಿ ಅಂದ. ಈ ಕೊನೇ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮನೆಗೆ ತಂದು ಊಟದ ಮೇಜಿನ ಮೇಲೆ ಒಡೆಯಲು ಕೂತೆವು. ಮೊದಲಿನ ಪ್ಯಾಕ್‌ಗಳಲ್ಲಿ ಏನೂ ಇಲ್ಲ. ಅದು ಇದ್ದದ್ದೇ. ಸ್ವಲ್ಪ ಹೊತ್ತಿಗೆ ಮಗ ಕಾರ್ಡುಗಳನ್ನು ತಿರುಗಿಸಿ ಇಟ್ಟು, "ಅಪ್ಪಾ, ಇದರಲ್ಲಿ ಒಂದೂ 700ರ ಮೇಲಿನ ನಂಬರ್ ಇಲ್ಲ" ಅಂದ.

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಮೋಸದ ಅರ್ಧ ಭಾಗ ಇರುವುದು ಇಲ್ಲೇ. 1990ರ ಅಪ್ಪರ್ ಡೆಕ್ ಸೆಟ್‌ನಲ್ಲಿ ಒಟ್ಟು 800 ಕಾರ್ಡು. 1ರಿಂದ 700 ಮೊದಲು ಬಂದವು, ಅದು ಲೋ ಸೀರೀಸ್. 701ರಿಂದ 800 ಆಮೇಲೆ ಬಂದವು, ಅದು ಹೈ ಸೀರೀಸ್. ರೆಜ್ಜಿಯ ಸಹಿ ಇಟ್ಟದ್ದು ಹೈ ಸೀರೀಸ್ ಪ್ಯಾಕ್‌ಗಳಲ್ಲಿ ಮಾತ್ರ. ಲೋ ಸೀರೀಸ್ ಬಾಕ್ಸುಗಳನ್ನು ಸಾವಿರ ಒಡೆದರೂ ಸಹಿ ಸಿಗುವುದಿಲ್ಲ. ಆದರೂ ಆನ್‌ಲೈನ್‌ನಲ್ಲಿ ಲೋ ಸೀರೀಸ್ ಬಾಕ್ಸಿನ ಫೋಟೋ ಹಾಕಿ ಮೇಲೆ ದಪ್ಪಕ್ಷರದಲ್ಲಿ ರೆಜ್ಜಿ ಸಹಿ ಅಂತ ಬರೆದವರನ್ನು ನಾನೇ ನೋಡಿದ್ದೇನೆ. ಕೇಳಿದರೆ "1990ರ ಅಪ್ಪರ್ ಡೆಕ್ ತಾನೆ" ಅನ್ನುತ್ತಾರೆ. ಹೌದು, 1990ರದ್ದೇ. ಸುಮ್ನೆ ಅಲ್ಲ ಅವರು ಹಾಗೆ ಬರೆಯೋದು.

ನಮ್ಮದು ಇನ್ನೂ ಒಂದು ಹೆಜ್ಜೆ ಮುಂದೆ. ಬಾಕ್ಸು ನಿಜವಾಗಿ ಹೈ ಸೀರೀಸ್‌ನದೇ. ಒಳಗಿನ ಪ್ಯಾಕುಗಳನ್ನು ಯಾರೋ ಮೊದಲೇ ಬಿಚ್ಚಿ, ಬೇಕಾದ್ದನ್ನು ತೆಗೆದುಕೊಂಡು, ಕೆಲಸಕ್ಕೆ ಬಾರದ ಕಾರ್ಡು ತುಂಬಿ ಮತ್ತೆ ಅಂಟಿಸಿದ್ದರು. ಒಂದು ಪ್ಯಾಕ್‌ನಲ್ಲಿ 14 ಕಾರ್ಡು, ಇನ್ನೊಂದರಲ್ಲಿ 16. ಒಂದರಲ್ಲಿ ಒಬ್ಬನೇ ಆಟಗಾರ ಎರಡು ಸಲ. ಪ್ರತಿ ಪ್ಯಾಕ್‌ನಲ್ಲಿ ತಂಡದ ಲಾಂಛನದ ಹಾಲೋಗ್ರಾಮ್ ಸ್ಟಿಕ್ಕರ್ ಒಂದು ಇರಬೇಕು, ಬಹಳಷ್ಟರಲ್ಲಿ ಅದೇ ನಾಪತ್ತೆ. ಸಹಿ ಇಲ್ಲದ ಮಾಮೂಲಿ ರೆಜ್ಜಿ ಕಾರ್ಡುಗಳೂ ಇದೇ ಪ್ಯಾಕ್‌ಗಳಲ್ಲಿ ಬರುತ್ತವೆ. ಇಡೀ ಬಾಕ್ಸಿನಲ್ಲಿ ಅದೂ ಒಂದಿಲ್ಲ. ಅದೃಷ್ಟ ಕೆಟ್ಟರೂ ಇಷ್ಟು ಅಚ್ಚುಕಟ್ಟಾಗಿ ಕೆಡುವುದಿಲ್ಲ.

ಉಳಿದ ಪ್ಯಾಕುಗಳನ್ನು ಒಡೆಯದೆ ಫೋನಿನ ಟಾರ್ಚ್ ಹಿಡಿದು ನೋಡಿದೆವು. ಫಾಯಿಲ್ ಪ್ಯಾಕಿನ ಮೇಲೆ, ಕೆಳಗೆ ಹಲ್ಲುಹಲ್ಲಾಗಿ ಒತ್ತಿದ ಅಂಚು ಇರುತ್ತದೆ. ಬೆನ್ನಿನ ಮೇಲೆ ಉದ್ದಕ್ಕೆ ಒಂದು ಜೋಡಣೆ, ಅದರ ಅಂಚು ಒಂದು ಕಡೆಗೆ ಮಡಚಿಕೊಂಡಿರುತ್ತದೆ. ಕಳ್ಳರು ಹಲ್ಲಿನ ಅಂಚನ್ನು ಮುಟ್ಟುವುದಿಲ್ಲ, ಅದು ತಕ್ಷಣ ಗೊತ್ತಾಗುತ್ತದೆ. ಬೆನ್ನಿನ ಜೋಡಣೆಯನ್ನೇ ಬಿಡಿಸುತ್ತಾರೆ. ನಮ್ಮ ಪ್ಯಾಕುಗಳಲ್ಲಿ ಆ ಮಡಿಕೆಯನ್ನು ಉಗುರಿನಿಂದ ಎತ್ತಿದರೆ ಅಡಿಯಲ್ಲಿ ಒಣಗಿದ ಅಂಟು ಹೊಳೆಯುತ್ತಿತ್ತು. ಮೆಲ್ಲಗೆ ಎಳೆದರೆ ಎಳೆ ಎಳೆಯಾಗಿ ಬಂತು. ಕಾರ್ಖಾನೆಯಲ್ಲಿ ಇದನ್ನು ಬಿಸಿ ಮಾಡಿ ಒತ್ತುತ್ತಾರೆ, ಹೀಗೆ ಅಂಟು ಸುರಿಯುವುದಿಲ್ಲ. ಫಾಯಿಲ್ ಕೂಡ ಅಲ್ಲಲ್ಲಿ ಸಣ್ಣಗೆ ಸುಕ್ಕಾಗಿತ್ತು, ಒಮ್ಮೆ ಬಿಡಿಸಿ ಮತ್ತೆ ಮಡಚಿದ ಗೆರೆ ಸ್ವಲ್ಪ ಪಕ್ಕಕ್ಕೆ ಸರಿದಿತ್ತು. ಹಳೇ ಮೇಣದ ಕಾಗದದ ಪ್ಯಾಕ್‌ಗಳದ್ದು ಇನ್ನೂ ಸುಲಭ. ಬಿಸಿ ತಾಗಿಸಿದರೆ ಮೇಣ ಕರಗುತ್ತದೆ, ಆರಿದರೆ ಅಂಟಿಕೊಳ್ಳುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆ ಸಾಕು. ಅಂಥವುಗಳಲ್ಲಿ ಮೇಣದ ಗುರುತು ಎರಡು ಕಡೆ ಮೂಡಿದೆಯಾ ಅಂತ ನೋಡಬೇಕು.

ಇನ್ನು ಆ ಬಾಕ್ಸಿನ ಪ್ಲಾಸ್ಟಿಕ್ ಹೊದಿಕೆ. ಅದಕ್ಕೆ ಮರುಳಾಗಬೇಡಿ. 80ರ ದಶಕದ ಎಷ್ಟೋ ಬಾಕ್ಸುಗಳು ಕಂಪನಿಯಿಂದ ಬರುವಾಗ ಹೊದಿಕೆ ಇಲ್ಲದೆಯೇ ಬರುತ್ತಿದ್ದವು. ಶ್ರಿಂಕ್ ರ‍್ಯಾಪ್ ಮಾಡುವ ಹಾಳೆ, ಬಿಸಿಗಾಳಿ ಊದುವ ಗನ್ ಎರಡೂ ಯಾರಿಗೆ ಬೇಕಾದರೂ ಸಿಗುತ್ತವೆ. ಪರಿಣತರು ನೋಡಿ ತಮ್ಮ ಗುರುತಿನ ಹೊದಿಕೆ ಹಾಕಿಕೊಡುವ ವ್ಯವಸ್ಥೆ ಇದೆ, ಅದು ನೂರು ಪಾಲು ವಾಸಿ. ಅದೂ ಪೂರ್ತಿ ಭರವಸೆಯಲ್ಲ. ಯೂಟ್ಯೂಬ್‌ನ ಲೋಗನ್ ಪಾಲ್ 35 ಲಕ್ಷ ಡಾಲರ್ ಕೊಟ್ಟು ಪೋಕೆಮಾನ್ ಕಾರ್ಡುಗಳ ಸೀಲಾದ ಕೇಸ್ ಕೊಂಡ, ಪರಿಣತರು ನೋಡಿ ಸರಿ ಅಂದಿದ್ದ ಕೇಸ್. 2022ರ ಜನವರಿಯಲ್ಲಿ ಬಿಚ್ಚಿದಾಗ ಒಳಗಿದ್ದದ್ದು ಜಿ.ಐ. ಜೋ ಅನ್ನುವ ಬೇರೆಯೇ ಕಾರ್ಡುಗಳು. ಅವನಿಗೆ ದುಡ್ಡು ವಾಪಸ್ ಬಂತು. ನಮಗೆ ಬರಲಿಲ್ಲ.

ಮಾರಿದವನಿಗೆ ಫೋಟೋ ಸಮೇತ ಬರೆದೆ. "ಒಡೆದ ಮೇಲೆ ವಾಪಸ್ಸಿಲ್ಲ, ಇದು ಅದೃಷ್ಟದ ಆಟ" ಅಂತ ಒಂದು ಸಾಲು ಬಂತು. ಇನ್ನೊಮ್ಮೆ ಬರೆದೆ, ನಂಬರ್ ಬ್ಲಾಕ್. ಶೋ ನಡೆಸಿದವರು ತಾವು ಟೇಬಲ್ ಬಾಡಿಗೆ ಕೊಡುವವರಷ್ಟೇ ಅಂದರು. ಆ್ಯಪ್‌ನವರಂತೂ ಸ್ನೇಹಿತರಿಗೆ ಕಳಿಸಿದ ಹಣಕ್ಕೆ ರಕ್ಷಣೆ ಇಲ್ಲ ಅಂತ ಕೈ ತೊಳೆದುಕೊಂಡರು. ಫೀಸು ಉಳಿಸುವ ನೆಪದಲ್ಲಿ ಆ ಆಸಾಮಿ ನಮ್ಮಿಂದ ಕಿತ್ತುಕೊಂಡದ್ದು ಇದನ್ನೇ. ವಸ್ತು ಕೊಂಡದ್ದಕ್ಕೆ ಅಂತ ನಮೂದಿಸಿ ಕಳಿಸಿದ್ದರೆ ಅಥವಾ ಕ್ರೆಡಿಟ್ ಕಾರ್ಡ್ ಉಜ್ಜಿದ್ದರೆ ತಕರಾರು ಹಾಕಲು ಒಂದು ದಾರಿ ಇರುತ್ತಿತ್ತು.

ಅಂಟಿಸದ, ಕೈಯಾಡದ ಪ್ಯಾಕ್ ಕೂಡ ಬರಿದಾಗಿರಬಹುದು. ಈಚಿನ ಎಷ್ಟೋ ಬಾಕ್ಸುಗಳಿಗೆ ಇಷ್ಟು ಸಹಿ ಗ್ಯಾರಂಟಿ ಅಂತ ಇರುತ್ತದೆ. ಅಂಗಡಿಯವನು ಸಹಿ ಸಿಗುವ ತನಕ ಒಡೆದು, ಉಳಿದ ಪ್ಯಾಕುಗಳನ್ನು ಬಿಡಿಬಿಡಿಯಾಗಿ ಮಾರಿಬಿಡುತ್ತಾನೆ. ಸೀಲ್ ಪಕ್ಕಾ, ಒಳಗೆ ಸೊನ್ನೆ. 1997ರಿಂದ ಆಟಗಾರರ ಜೆರ್ಸಿ ತುಂಡು ಕೂರಿಸಿದ ದಪ್ಪ ಕಾರ್ಡುಗಳು ಬಂದವು. ಆಮೇಲೆ ಜನ ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ಪ್ಯಾಕ್ ತೂಗಿ, ಭಾರ ಇದ್ದದ್ದನ್ನು ಇಟ್ಟುಕೊಂಡು ಹಗುರಾದದ್ದನ್ನು ಮಾರಲು ಕಲಿತರು. 2024ರಲ್ಲಿ ಇಲ್ಲಿನ ಒಂದು ಕಂಪನಿ ಸೀಲ್ ಮಾಡಿದ ಪ್ಯಾಕನ್ನು ಸಿಟಿ ಸ್ಕ್ಯಾನ್ ಮಾಡಿ ಒಳಗಿನ ಕಾರ್ಡು ಹೇಳುವ ಸೇವೆಯನ್ನೇ ಶುರು ಮಾಡಿತು. ಮೂವತ್ತು ವರ್ಷ ಕೈಯಿಂದ ಕೈಗೆ ಓಡಾಡಿದ ಬಿಡಿ ಪ್ಯಾಕ್‌ನಲ್ಲಿ ಇನ್ನೂ ಏನೋ ಉಳಿದಿದೆ ಅಂತ ನಂಬಲು ನನಗಂತೂ ಈಗ ಆಗುವುದಿಲ್ಲ. ಬಿಡಿ ಪ್ಯಾಕ್ ಬೇಡವೇ ಬೇಡ.

90ರ ದಶಕದ ಕೊನೆಯ, 2000ದ ಈಚೆಯ ಪ್ಯಾಕ್‌ಗಳಲ್ಲಿ ಇನ್ನೊಂದು ಕಿರಿಕಿರಿ. ಆಟಗಾರ ಸಮಯಕ್ಕೆ ಸಹಿ ಮಾಡಿಕೊಡದಿದ್ದರೆ ಕಂಪನಿ ಕಾರ್ಡಿನ ಬದಲು ರಿಡೆಂಪ್ಷನ್ ಚೀಟಿ ಇಡುತ್ತಿತ್ತು, ಅದನ್ನು ಕಳಿಸಿದರೆ ಸಹಿ ಇರುವ ಕಾರ್ಡು ಬರುತ್ತಿತ್ತು. ಆ ಚೀಟಿಗೆ ಕೊನೆಯ ತಾರೀಖು ಇರುತ್ತದೆ. ಇಪ್ಪತ್ತು ವರ್ಷ ಹಳೇ ಪ್ಯಾಕ್‌ನಲ್ಲಿ ಅದು ಸಿಕ್ಕರೆ ಗೋಡೆಗೆ ಅಂಟಿಸಿಕೊಳ್ಳಬೇಕು ಅಷ್ಟೇ. ಮತ್ತೆ ಹೊಳಪಿನ ಲೇಪ ಇರುವ ಕಾರ್ಡುಗಳು ಶೆಕೆಗೆ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿಬಿಡುತ್ತವೆ. 1991ರ ಟಾಪ್ಸ್ ಸ್ಟೇಡಿಯಂ ಕ್ಲಬ್ ಇದಕ್ಕೆ ಕುಖ್ಯಾತ. ಬಿಡಿಸಲು ಹೋದರೆ ಮುಖದ ಚಿತ್ರವೇ ಕಿತ್ತು ಬರುತ್ತದೆ.

ಸಹಿಯ ಕಾರ್ಡೇ ಬೇಕು ಅಂದರೆ ಬಿಡಿ ಕಾರ್ಡನ್ನೇ ಕೊಳ್ಳಿ. ರೆಜ್ಜಿಯದ್ದು ಕೆಲವು ನೂರು ಡಾಲರ್‌ಗೆ ಸಿಗುತ್ತದೆ, ಅಷ್ಟರಲ್ಲಿ ಎಷ್ಟು ಬಾಕ್ಸ್ ಬರುತ್ತವೆ ಅಂತ ಲೆಕ್ಕ ಹಾಕಿ ನೋಡಿ. ಪಿಎಸ್‌ಎ ಅಥವಾ ಬೆಕೆಟ್ (ಕಾರ್ಡು, ಸಹಿ ಅಸಲಿಯೇ ಅಂತ ನೋಡುವ ಕಂಪನಿಗಳು) ಪರೀಕ್ಷಿಸಿ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂರಿಸಿದ್ದು ಇರಲಿ. ಪೆಟ್ಟಿಗೆಯ ಮೇಲಿನ ನಂಬರನ್ನು ಅವರ ತಾಣದಲ್ಲಿ ಹಾಕಿ ತಾಳೆ ನೋಡಿ. ಸಹಿ ಇಲ್ಲದ ಮಾಮೂಲಿ ಕಾರ್ಡಿನ ಮೇಲೆ ಯಾರೋ ಗೀಚಿ ನಂಬರ್ ಹಾಕಿದ್ದೂ ಮಾರುಕಟ್ಟೆಯಲ್ಲಿ ಇದೆ. ಆಟಗಾರರ ಕಳ್ಳ ಸಹಿ ಎಷ್ಟು ದೊಡ್ಡ ದಂಧೆಯೆಂದರೆ, 90ರ ದಶಕದಲ್ಲಿ ಎಫ್‌ಬಿಐ "ಆಪರೇಷನ್ ಬುಲ್‌ಪೆನ್" ಅಂತ ಅದಕ್ಕೇ ಒಂದು ಕಾರ್ಯಾಚರಣೆ ನಡೆಸಿತ್ತು.

ಒಡೆಯುವ ಖುಷಿಯೇ ಬೇಕು ಅನ್ನುವವರಿಗೆ ಬೇಡ ಅನ್ನಲಾರೆ. ನನ್ನ ಮಗ ಈಗಲೂ ಒಡೆಯುತ್ತಾನೆ, ಅಂಗಡಿಯಿಂದ ಈ ವರ್ಷದ ಹೊಸ ಪ್ಯಾಕ್ ತಂದು.

ಊರಿನಿಂದ ಆರ್ಡರ್ ಮಾಡಿ ಇಲ್ಲಿನ ಅಣ್ಣನ ಮನೆಗೋ ಅಕ್ಕನ ಮನೆಗೋ ಕಳಿಸುವವರಿಗೆ ಇನ್ನೊಂದು ಮಾತು. ಇಬೇನಲ್ಲಿ ಕೊಂಡ ವಸ್ತು ಹೇಳಿದ ಹಾಗಿಲ್ಲದಿದ್ದರೆ ದೂರು ಕೊಡಲು ಸಾಮಾನ್ಯವಾಗಿ 30 ದಿನ ಅವಕಾಶ. ಡಿಸೆಂಬರ್ ರಜೆಗೆ ಬರುವಾಗ ತಂದರಾಯ್ತು ಅಂತ ಬಾಕ್ಸು ಅವರ ಅಲಮಾರಿನಲ್ಲಿ ಕೂತರೆ ಆ ಗಡುವು ಅಲ್ಲೇ ಮುಗಿದಿರುತ್ತದೆ. ಪಾರ್ಸೆಲ್ ತಲುಪಿದ ವಾರದಲ್ಲೇ ಅವರಿಗೆ ವಿಡಿಯೋ ಕಾಲ್ ಮಾಡಿ. ಹೊದಿಕೆ ಬಿಚ್ಚುವುದಕ್ಕೆ ಮುಂಚೆ ಆರೂ ಕಡೆಯಿಂದ ತೋರಿಸಲು ಹೇಳಿ, ರೆಕಾರ್ಡ್ ಮಾಡಿಕೊಳ್ಳಿ. ಒಂದು ಪ್ಯಾಕ್ ತೆಗೆಸಿ ಬೆನ್ನಿನ ಮಡಿಕೆ ನೋಡಿ. ಅನುಮಾನ ಬಂದರೆ ಉಳಿದದ್ದನ್ನು ಮುಟ್ಟದೆ ಅವತ್ತೇ ದೂರು ಹಾಕಿಸಿ.