ಬಾತ್‌ಟಬ್ ಕೊಳ್ಳುವ ಮುನ್ನ ತಿರುಗಿಸಿ ತಳ ನೋಡಿ

ಹಳೇ ಬಚ್ಚಲುಮನೆ ಒಡೆಸಿ ಹೊಸದು ಮಾಡಿಸುತ್ತಿರುವ ಮೈಸೂರಿನವರು, ಅದರಲ್ಲೂ ಮಹಡಿ ಮೇಲೆ ಬಾತ್‌ಟಬ್ ಇಡಿಸಬೇಕು ಅಂದುಕೊಂಡಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಕುವೆಂಪುನಗರದ ನಮ್ಮ ಮನೆಯಲ್ಲಿ ನೀರು ತುಂಬುವ ಹಬ್ಬದ ದಿನ ಮೊದಲ ಸಲ ತುಂಬಿದ ಟಬ್ಬು ಯುಗಾದಿ ಹೊತ್ತಿಗೆ ಬಿರುಕು ಬಿಟ್ಟು, ಕೆಳಗಿನ ಹಾಲಿನ ಚಾವಣಿಗೆ ನೀರಿಳಿಸಿತು.

ಅಂಗಡಿಯಲ್ಲಿ ನಮಗೆ ಹೇಳಿದ್ದು ‘ಪ್ಯೂರ್ ಅಕ್ರಿಲಿಕ್’ ಅಂತ. ಒಡೆದು ತೆಗೆದಾಗ ಕಂಡಿದ್ದು ಫೈಬರ್ ಮೇಲೆ ಜೆಲ್‌ಕೋಟ್ ಅನ್ನುವ ಹೊಳಪಿನ ಲೇಪ ಬಳಿದ ತೆಳು ಮಾಲು. ಫೈಬರ್ ಟಬ್ಬೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ದಪ್ಪನಾಗಿ ಮಾಡಿದ್ದು ಬಾಳಿಕೆ ಬರುತ್ತದೆ, ಬೆಲೆಯೂ ಕಡಿಮೆ. ಅಕ್ರಿಲಿಕ್‌ನ ಬೆಲೆ ತೆಗೆದುಕೊಂಡು ಅದನ್ನು ಕೊಟ್ಟಿದ್ದು ಮೋಸ. ಅಂಗಡಿಯ ಲೈಟಿನ ಕೆಳಗೆ ಎರಡೂ ಒಂದೇ ಥರ ಹೊಳೆಯುತ್ತವೆ, ಮೇಲಿಂದ ನೋಡಿದರೆ ಯಾರಿಗೂ ತಿಳಿಯುವುದಿಲ್ಲ. ವ್ಯತ್ಯಾಸ ಗೊತ್ತಾಗುವುದು ನೀರು ಹೋಗುವ ತೂತಿನ ಅಂಚಿನಲ್ಲಿ. ಅಕ್ರಿಲಿಕ್ ಆದರೆ ಅಲ್ಲಿ ಬಣ್ಣದ ಹಾಳೆ ಒಂದು ಪದರವಾಗಿ, ಅದರ ಹಿಂದೆ ಫೈಬರ್ ಬೇರೆ ಪದರವಾಗಿ ಕಾಣುತ್ತದೆ. ಜೆಲ್‌ಕೋಟ್ ಬರೀ ಬಣ್ಣ ಬಳಿದಷ್ಟು ತೆಳ್ಳಗಿರುತ್ತದೆ. ಹಾಗೇ ಟಬ್ಬನ್ನು ಬೋರಲು ಹಾಕಿಸಿ. ತಳದಲ್ಲಿ ಹಲಗೆ ಕೂರಿಸಿದ್ದಾರಾ, ಕಬ್ಬಿಣದ ಫ್ರೇಮು, ಕಾಲುಗಳು ಇದಾವಾ ನೋಡಿ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ನಿಂತುಕೊಳ್ಳಿ. ಕಾಲ ಕೆಳಗೆ ಬಗ್ಗಿದರೆ ಆ ಟಬ್ಬು ಬೇಡ. ನಿಲ್ಲಲು ಬಿಡದ ಅಂಗಡಿಯೂ ಬೇಡ.

ಇನ್ನು ಕೂರಿಸಿದ ರೀತಿ. ಕಂಟ್ರಾಕ್ಟರ್ ಕಡೆಯವರು ನಾಲ್ಕು ಮೂಲೆಗೆ ಇಟ್ಟಿಗೆ ಕೊಟ್ಟು, ನಡುವೆ ಒಂದಿಷ್ಟು ಮರಳು ಸುರಿದು, ಸುತ್ತ ಗೋಡೆ ಕಟ್ಟಿ ಟೈಲ್ಸ್ ಅಂಟಿಸಿಬಿಟ್ಟರು. ಪೈಪ್ ನೋಡೋಕೆ ಒಂದು ಕಿಂಡಿ ಬಿಡಿ ಅಂತ ನಮ್ಮ ಯಜಮಾನರು ಕೇಳಿದಾಗ ಬಂದ ಉತ್ತರ, “ಬೇಡ ಸಾರ್, ಕಿಂಡಿ ಬಿಟ್ರೆ ಜಿರಲೆ ಸೇರ್ಕೋತವೆ, ಮುಚ್ಚಿದ್ರೆ ನೀಟಾಗಿರುತ್ತೆ.” ಐದಡಿ ಟಬ್ಬಿಗೆ ನೂರೈವತ್ತು ಲೀಟರ್ ನೀರು ಬಿಟ್ಟರೆ ಅಷ್ಟೇ ಕೆಜಿ ಭಾರ, ಮೇಲೆ ಮನುಷ್ಯರ ತೂಕ. ಸರಿಯಾಗಿ ತುಂಬದ ಮರಳು ಸರಿದು ತಳ ಪೊಳ್ಳಾಯಿತು. ಕೂತಾಗಲೆಲ್ಲ ಕಿರ್ರ್ ಅಂತ ಸದ್ದು ಬರತೊಡಗಿತು. ಹೇಳಿ ಕಳಿಸಿದರೆ “ಹೊಸದು, ಸೆಟ್ಟಾಗುತ್ತೆ” ಅಂದರು. ಕೊನೆಗೆ ವೇಸ್ಟ್ ಪೈಪಿನ ಸುತ್ತಲೇ ಸೀಳಿತು. ಕಿಂಡಿ ಇದ್ದಿದ್ದರೆ ಟಾರ್ಚ್ ಹಾಕಿ ಅವತ್ತೇ ನೋಡಬಹುದಿತ್ತು. ಇಲ್ಲದ್ದರಿಂದ ಒಂದು ಸಾಲು ಟೈಲ್ಸ್ ಒಡೆಯಬೇಕಾಯಿತು, ಆ ಡಿಸೈನ್ ಈಗ ಬರುತ್ತಿಲ್ಲ.

ಆದ್ದರಿಂದ ಟೈಲ್ಸ್‌ಗೆ ಮುಂಚೆಯೇ ನೆಲದ ವಾಟರ್‌ಪ್ರೂಫಿಂಗ್ ಮೇಲೆ ನೀರು ಕಟ್ಟಿ ನಿಲ್ಲಿಸಿ, ಕನಿಷ್ಠ ಒಂದು ಪೂರ್ತಿ ದಿನ. ಟಬ್ಬು ಕೂರಿಸಿದ ಮೇಲೆ, ಪಕ್ಕದ ಗೋಡೆ ಮುಚ್ಚುವ ಮುನ್ನ, ಅದನ್ನೂ ತುಂಬಿಸಿ ಖಾಲಿ ಮಾಡಿಸಿ ಅಡಿಯಲ್ಲಿ ಕೈಯಾಡಿಸಿ ನೋಡಿ. ಟಬ್ಬಿಗೂ ಗೋಡೆಗೂ ನಡುವಿನ ಸಂದಿಗೆ ಸಿಲಿಕೋನ್ ಹಾಕುವಾಗಲೂ ಟಬ್ಬು ತುಂಬಿರಬೇಕು. ಭಾರಕ್ಕೆ ಟಬ್ಬು ಕೊಂಚ ಇಳಿಯುತ್ತದಲ್ಲ, ಖಾಲಿ ಇದ್ದಾಗ ಹಾಕಿದ ಸಿಲಿಕೋನ್ ಆಮೇಲೆ ಕಿತ್ತುಕೊಳ್ಳುತ್ತದೆ. ಹಳೇ ಮನೆಯಾದರೆ ಮೋಲ್ಡ್ ಈ ಭಾರ ತಡೆಯುತ್ತದಾ ಅಂತ ಎಂಜಿನಿಯರ್‌ಗೆ ತೋರಿಸಿ, ಮೇಸ್ತ್ರಿ ಮಾತು ಸಾಲದು.

ಅಂಗಡಿಯವರು ಬಾಯಿಬಿಡದ ಇನ್ನೊಂದು ವಿಷಯ ಗೀಸರ್. 25 ಲೀಟರ್ ಗೀಸರ್‌ನಲ್ಲಿ ನೀರು 60 ಡಿಗ್ರಿ ಕಾದರೂ ತಣ್ಣೀರು ಬೆರೆಸಿದ ಮೇಲೆ ಸ್ನಾನದ ಹದಕ್ಕೆ ಸಿಗುವುದು 55–60 ಲೀಟರ್ ಅಷ್ಟೇ. ಅರ್ಧ ಟಬ್ಬೂ ತುಂಬುವುದಿಲ್ಲ. ಬೋರ್‌ವೆಲ್ ನೀರಿನ ಬಡಾವಣೆಗಳಲ್ಲಿ ಬಿಳಿ ಕಲೆ ಕೂರುತ್ತದೆ, ಅದಕ್ಕೆ ಬಚ್ಚಲು ತೊಳೆಯುವ ಆಸಿಡ್ ಸುರಿಯಬೇಡಿ, ಥಿನ್ನರ್ ಅಂತೂ ಅಕ್ರಿಲಿಕ್ ಹತ್ತಿರ ಸುಳಿಯಲೇಬಾರದು. ನಮ್ಮತ್ತೆಯಂತೆ ಮಂಡಿನೋವಿರುವವರು ಮನೆಯಲ್ಲಿದ್ದರೆ ಟಬ್ಬಿನ ಅಂಚು ದಾಟುವುದೇ ಅಪಾಯ, ಅವರಿಗೆ ಬೇರೆ ಶವರ್ ಜಾಗ ಬಿಡಲೇಬೇಕು.

ಈಗ ಅಂಗಡಿಯವರು ‘ಫಿಟ್ಟಿಂಗ್ ತಪ್ಪು’ ಅನ್ನುತ್ತಾರೆ, ಕಂಟ್ರಾಕ್ಟರ್ ‘ಮಾಲೇ ಸರಿಯಿಲ್ಲ’ ಅನ್ನುತ್ತಾನೆ. ವಾರಂಟಿ ಕಾರ್ಡಿನಲ್ಲಿ ತಯಾರಿಕೆಯ ದೋಷಕ್ಕೆ ಮಾತ್ರ ಜವಾಬ್ದಾರಿ, ಒಡೆಯುವ ಕೂಲಿ, ಟೈಲ್ಸ್ ಯಾವುದೂ ಸೇರಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಹೇಳಿದ್ದೇವೆ, ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಅಲ್ಲಿಗೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ನಮಗೆ ಕೊಟ್ಟ ಬಿಲ್ಲಿನಲ್ಲಿ ಇರುವುದು ‘ಬಾತ್‌ಟಬ್ ವೈಟ್ – 1’ ಅಂತ ಮಾತ್ರ. ನಿಮ್ಮ ಬಿಲ್ಲಿನಲ್ಲಿ ಅಕ್ರಿಲಿಕ್ಕೋ ಫೈಬರ್ರೋ ಅನ್ನುವುದು, ಮಾಡೆಲ್ ನಂಬರ್, ಹಾಳೆಯ ದಪ್ಪ ಮೂರನ್ನೂ ಬರೆಸಿಕೊಂಡೇ ದುಡ್ಡು ಕೊಡಿ.